ಹಲವರ ಹೊಣೆ ಯಾರ ಹೊಣೆ?

ಯುದ್ಧದ ದೆಸೆಯಿಂದ ಮನೆಮಠಗಳನ್ನು ತೊರೆದು ಓಡಿಬಂದ ಜನರನ್ನು ಕಾಪಾಡುವುದು ಧರ್ಮವೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಶರಣು ಬಂದವನನ್ನು ಬಿಟ್ಟುಕೊಡಬಾರದೆಂದು ನಮ್ಮ ಪುರಾಣಗಳೂ ಸಾರುತ್ತವೆ, ಇಂದಿನ ರಾಷ್ಟ್ರರಾಷ್ಟ್ರಗಳ ಒಪ್ಪಂದಗಳೂ ಸಾರುತ್ತವೆ. ಆದರೆ ಈ ಧರ್ಮವು ಯಾರದು ಎಂದು ಕೇಳಿದೊಡನೆಯೇ ಉತ್ತರವು ಮಸುಕಾಗತೊಡಗುತ್ತದೆ. ಗಿಡುಗನಿಗೆ ಹೆದರಿ ಶಿಬಿಚಕ್ರವರ್ತಿಯ ತೊಡೆಯ ಮೇಲೆ ಬಂದು ಬಿದ್ದ ಪಾರಿವಾಳಕ್ಕೆ ತನ್ನ ರಕ್ಷಕನಾರೆಂಬ ಸಂದೇಹವಿರಲಿಲ್ಲ. ಅಲ್ಲಿ ಹಕ್ಕಿ ಒಂದು, ಅರಸನೂ ಒಬ್ಬ. ಈಗಲಾದರೋ ಪಾರಿವಾಳಗಳು ಲಕ್ಷೋಪಲಕ್ಷ, ಶಿಬಿಗಳೂ ನೂರಾರು. ಒಬ್ಬನು ಕಾಳು ತರುತ್ತಾನೆ, ಇನ್ನೊಬ್ಬನು ನೀರು ತರುತ್ತಾನೆ, ಮತ್ತೊಬ್ಬನು ಗೂಡು ಕಟ್ಟುತ್ತಾನೆ. ಗಿಡುಗನ ಕಡೆಗೆ ತಿರುಗಿ ನಿಲ್ಲುವವನು ಮಾತ್ರ ಯಾರೆಂದು ಗೊತ್ತಾಗುವುದಿಲ್ಲ. ಹಲವರ ಪಾಲಿಗೆ ಒಂದೇ ಹೊಣೆ ಬಂದಾಗ ಅದು ನಿಜವಾಗಿ ಯಾರ ಹೊಣೆಯಾಗುತ್ತದೆ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಮಾಡಹೊರಟಿದ್ದೇವೆ.

ಪ್ರಶ್ನೆಯ ಗಾತ್ರವನ್ನು ಮೊದಲು ತಿಳಿದುಕೊಳ್ಳಬೇಕು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ ಕಚೇರಿಯ ಲೆಕ್ಕದಂತೆ ೨೦೨೪ನೆಯ ಇಸವಿಯ ಕೊನೆಗೆ ಯುದ್ಧ, ಹಿಂಸೆ ಮತ್ತು ಕಿರುಕುಳಗಳಿಂದ ನೆಲೆತಪ್ಪಿದವರ ಸಂಖ್ಯೆ ೧೨ ಕೋಟಿ ೩೨ ಲಕ್ಷ. ಇವರಲ್ಲಿ ೭ ಕೋಟಿ ೩೫ ಲಕ್ಷ ಜನರು ತಮ್ಮ ದೇಶದ ಗಡಿಯನ್ನು ದಾಟಿಯೇ ಇಲ್ಲ. ಗಡಿ ದಾಟಿದವನಿಗೆ ೧೯೫೧ನೆಯ ನಿರಾಶ್ರಿತರ ಒಡಂಬಡಿಕೆಯ ಆಸರೆಯುಂಟು. ಅವನನ್ನು ಪ್ರಾಣಭಯವಿರುವ ಕಡೆಗೆ ಹಿಂದಟ್ಟಬಾರದೆಂದು ಅದು ವಿಧಿಸುತ್ತದೆ. ಗಡಿಯೊಳಗೇ ಅಲೆಯುವವನಿಗೆ ಅಂತಹ ಜಾಗತಿಕ ಒಡಂಬಡಿಕೆಯಿಲ್ಲ. ೧೯೯೮ರಲ್ಲಿ ಸುಡಾನಿನ ಫ್ರಾನ್ಸಿಸ್ ಡೆಂಗ್ ಅವರು ವಿಶ್ವಸಂಸ್ಥೆಯ ಮುಂದಿಟ್ಟ ೩೦ ಮಾರ್ಗದರ್ಶಕ ಸೂತ್ರಗಳು ಮಾತ್ರ ಇವೆ. ಇವರನ್ನು ಕಾಪಾಡುವ ಪ್ರಥಮ ಹೊಣೆ ಅವರ ಸರ್ಕಾರದ್ದೇ ಎಂದು ಆ ಸೂತ್ರಗಳು ಹೇಳುತ್ತವೆ. ಆದರೆ ಸರ್ಕಾರವೇ ಅವರನ್ನು ಓಡಿಸಿದ್ದರೆ, ಅಥವಾ ಸರ್ಕಾರವೆಂಬುದೇ ಅಲ್ಲಿ ಉಳಿದಿರದಿದ್ದರೆ? ಹೊಣೆಯು ಬೀದಿಗೆ ಬೀಳುತ್ತದೆ, ಹತ್ತಾರು ಸಂಸ್ಥೆಗಳು ಅದನ್ನೆತ್ತಲು ಧಾವಿಸುತ್ತವೆ.

ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂಬ ಮಾತು ನಮ್ಮಲ್ಲುಂಟು. ಊರವರೆಲ್ಲರೂ ರಾತ್ರಿಯಲ್ಲಿ ಒಂದೊಂದು ಕೊಡ ಹಾಲನ್ನು ಕೊಳಕ್ಕೆ ಸುರಿಯಬೇಕೆಂದು ಅರಸನು ಅಪ್ಪಣೆಮಾಡಿದಾಗ, ತಾನೊಬ್ಬನು ನೀರು ಸುರಿದರೆ ತಿಳಿಯದೆಂದು ಪ್ರತಿಯೊಬ್ಬನೂ ನೀರನ್ನೇ ಸುರಿದ ಕಥೆಯನ್ನು ಮಕ್ಕಳೂ ಬಲ್ಲರು. ಆ ಕಥೆಯಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕುವುದು ಸುಲಭ. ಅಲ್ಲಿ ಪ್ರತಿಯೊಬ್ಬನೂ ವಂಚಕ. ಆದರೆ ಪ್ರತಿಯೊಬ್ಬನೂ ಪ್ರಾಮಾಣಿಕನಾಗಿ ತನ್ನ ಕೊಡದ ಹಾಲನ್ನು ಸುರಿದೂ ಕೊಳವು ಕೆಟ್ಟರೆ, ಆಗ ತಪ್ಪು ಯಾರದು? ನೀತಿಶಾಸ್ತ್ರಕ್ಕೆ ಕಠಿನವಾದ ಪ್ರಶ್ನೆ ಇದು. ಇದಕ್ಕೆ ಗೋಮಾ ಎಂಬ ಪಟ್ಟಣಕ್ಕಿಂತ ತಕ್ಕ ದೃಷ್ಟಾಂತವು ನಮಗೆ ತೋರುತ್ತಿಲ್ಲ.

ಆಫ್ರಿಕದ ರುವಾಂಡಾ ದೇಶದಲ್ಲಿ ೧೯೯೪ನೆಯ ಏಪ್ರಿಲಿನಿಂದ ಜುಲೈವರೆಗಿನ ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರ ಕೊಲೆಯಾಯಿತು. ಸತ್ತವರಲ್ಲಿ ಬಹುಮಂದಿ ತುತ್ಸಿ ಜನಾಂಗದವರು; ಕೊಲ್ಲಿಸಿದವರು ಹುತು ಉಗ್ರವಾದಿಗಳು. ಆ ಸರ್ಕಾರವು ಸೋತು ಹಿಮ್ಮೆಟ್ಟಿದಾಗ ಅದರ ಸೈನ್ಯದ ಜೊತೆಯಲ್ಲಿ ಸಾಮಾನ್ಯ ಜನರೂ ಪ್ರವಾಹದಂತೆ ಹೊರಟರು. ಜುಲೈ ನಡುವಿನ ನಾಲ್ಕೈದು ದಿನಗಳಲ್ಲಿಯೇ ಐದು ಲಕ್ಷದಿಂದ ಎಂಟು ಲಕ್ಷ ಜನರು ಗಡಿ ದಾಟಿ ಆಗಿನ ಝಾಯಿರ್, ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗೋಮಾಕ್ಕೆ ಬಂದರು. ಅಗ್ನಿಪರ್ವತದ ಕರಿಗಲ್ಲಿನ ನೆಲ. ಪಾಯಿಖಾನೆಯ ಗುಂಡಿ ತೋಡಲು ಸಾಧ್ಯವಿಲ್ಲ, ಹೆಣ ಹೂಳಲೂ ಸಾಧ್ಯವಿಲ್ಲ. ಕಿವು ಸರೋವರದ ನೀರನ್ನೇ ಕುಡಿದರು. ಕಾಲರಾ ಮತ್ತು ರಕ್ತಭೇದಿಗಳು ಹಬ್ಬಿ ಮೊದಲ ತಿಂಗಳೊಳಗಾಗಿ ಐವತ್ತು ಸಾವಿರದಷ್ಟು ಜನರು ಸತ್ತರು.

ಜಗತ್ತು ಸುಮ್ಮನಿರಲಿಲ್ಲ. ನೂರಕ್ಕೂ ಮೇಲ್ಪಟ್ಟು ಸಂಸ್ಥೆಗಳು ಗೋಮಾಕ್ಕೆ ಬಂದುವು. ವಿಮಾನಗಳಿಳಿದುವು, ನೀರಿನ ಟ್ಯಾಂಕುಗಳು ನಿಂತುವು, ವೈದ್ಯರು ಹಗಲಿರುಳು ದುಡಿದರು. ಕೆಲವು ವಾರಗಳಲ್ಲಿ ಕಾಲರಾ ಇಳಿಯಿತು. ಆದರೆ ಶಿಬಿರಗಳಲ್ಲಿ ಮತ್ತೊಂದು ವ್ಯಾಧಿ ಬೇರೂರಿತ್ತು. ಕೊಲೆಯನ್ನು ನಡೆಸಿದ್ದ ಅಧಿಕಾರಿಗಳೇ ಶಿಬಿರದ ಮುಖಂಡರಾಗಿದ್ದರು. ಆಹಾರದ ಹಂಚಿಕೆ ಮೊದಲಿಗೆ ಅವರ ಕೈಯಿಂದಲೇ ನಡೆಯಿತು. ಅವರು ತಲೆಗಳ ಲೆಕ್ಕವನ್ನು ಹೆಚ್ಚಿಸಿ ತೋರಿಸಿ, ಉಳಿದ ಧಾನ್ಯವನ್ನು ಮಾರಿ ತಮ್ಮ ಸೈನ್ಯವನ್ನು ಮತ್ತೆ ಕಟ್ಟತೊಡಗಿದರು. ಊರಿಗೆ ಹಿಂದಿರುಗಬೇಕೆಂದವರನ್ನು ಬೆದರಿಸಿದರು, ಕೊಂದರು. ನಿರಾಶ್ರಿತರನ್ನು ಗಡಿಯಿಂದ ತಕ್ಕಷ್ಟು ದೂರದಲ್ಲಿ ಇರಿಸಬೇಕೆಂದು ೧೯೬೯ನೆಯ ಆಫ್ರಿಕ ಒಡಂಬಡಿಕೆಯೇ ಹೇಳಿದ್ದರೂ ಶಿಬಿರಗಳು ಗಡಿಯ ಮಗ್ಗುಲಲ್ಲಿಯೇ ಇದ್ದುವು. ಹೈಕಮಿಷನರರಾಗಿದ್ದ ಸಡಾಕೊ ಒಗಾಟಾ ಅವರು, ಆಯುಧಧಾರಿಗಳನ್ನು ನಿರಾಯುಧರಿಂದ ಬೇರ್ಪಡಿಸಲು ನೆರವಾಗಬೇಕೆಂದು ಬೇಡಿಕೊಂಡರು. ರಾಷ್ಟ್ರಗಳು ಪಡೆಯನ್ನು ಕಳುಹಿಸಲಿಲ್ಲ. ಕೊನೆಗೆ ೧೯೯೫ರಲ್ಲಿ ನಿರಾಶ್ರಿತರ ಕಚೇರಿಯೇ ಝಾಯಿರ್ ದೇಶದ ೧,೫೦೦ ಸೈನಿಕರಿಗೆ ಭತ್ಯೆ ಕೊಟ್ಟು ಶಿಬಿರಗಳ ಕಾವಲಿಗೆ ನಿಲ್ಲಿಸಬೇಕಾಯಿತು. ೧೯೯೬ರ ಕೊನೆಯ ತಿಂಗಳುಗಳಲ್ಲಿ ಯುದ್ಧವೇ ಶಿಬಿರಗಳೊಳಗೆ ನುಗ್ಗಿ ಬಂದಿತು. ಲಕ್ಷಾಂತರ ಜನರು ಊರಿಗೆ ಮರಳಿದರು. ಮಿಕ್ಕವರು ಪಶ್ಚಿಮದ ಕಾಡುಗಳಿಗೆ ಓಡಿದರು, ಅಲ್ಲಿ ಅನೇಕರು ಹತರಾದರು.

ಇಲ್ಲಿ ಯಾವ ಶಿಬಿಯೂ ನೀರನ್ನು ಹಾಲೆಂದು ಸುರಿಯಲಿಲ್ಲ. ವೈದ್ಯನು ವೈದ್ಯನ ಕೆಲಸವನ್ನು ಮಾಡಿದನು, ಅನ್ನ ನೀಡುವವನು ಅನ್ನವನ್ನೇ ನೀಡಿದನು. ಪ್ರತಿಯೊಬ್ಬನ ಕರ್ತವ್ಯವೂ ಅವನವನ ಅಂಗಳದಲ್ಲಿ ನೆರವೇರಿತು. ಆದರೂ ಒಬ್ಬ ಬಡ ತಾಯಿ ರಾತ್ರಿ ತನ್ನ ಡೇರೆಯಲ್ಲಿ ನಿರ್ಭಯವಾಗಿ ಮಲಗಬಹುದೇ, ಬೆಳಗಾದರೆ ತನ್ನೂರಿಗೆ ಹೊರಡಬಹುದೇ ಎಂಬ ಪ್ರಶ್ನೆ ಯಾವ ಅಂಗಳಕ್ಕೂ ಸೇರದೆ ನಡುವಿನ ದಾರಿಯಲ್ಲಿ ಬಿದ್ದಿತ್ತು. ಅನ್ನ ಬೇರೆ, ಅಭಯ ಬೇರೆ. ಅನ್ನವನ್ನು ಪಾಲುಮಾಡಿ ನೀಡಬಹುದು. ಅಕ್ಕಿ ಒಬ್ಬನದು, ಬೇಳೆ ಇನ್ನೊಬ್ಬನದಾದರೂ ಊಟವಾಗುತ್ತದೆ. ಅಭಯವನ್ನು ಹಾಗೆ ಪಾಲುಮಾಡಲು ಬರುವುದಿಲ್ಲ. ಬಾಗಿಲಿಗೆ ಅರ್ಧ ಅಗುಳಿ ಹಾಕಿದರೆ ಅರ್ಧ ಕಾವಲಾಗದು.

ಗೋಮಾದಲ್ಲಿದ್ದವರಿಗೆ ಆಗ ಒದಗಿದ ಧರ್ಮಸಂಕಟವು ಸಾಮಾನ್ಯವಾದುದಲ್ಲ. ನಾವು ಕೊಡುವ ಅನ್ನವು ಕೊಲೆಗಾರನನ್ನು ಬೆಳೆಸುತ್ತಿದೆಯೆಂದು ತಿಳಿದಮೇಲೆ ಕೊಡುವುದನ್ನು ನಿಲ್ಲಿಸಬೇಕೇ? ‘ಗಡಿಯಿಲ್ಲದ ವೈದ್ಯರು’ ಎಂಬ ಸಂಸ್ಥೆಯ ಫ್ರೆಂಚ್ ಶಾಖೆಯು ೧೯೯೪ರ ನವೆಂಬರಿನಲ್ಲಿ ಶಿಬಿರಗಳನ್ನು ಬಿಟ್ಟು ಹೊರಟಿತು. ನಿರಾಶ್ರಿತರ ಕಚೇರಿಯು ಉಳಿಯಿತು. ಶಿಬಿರದಲ್ಲಿದ್ದವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಅವರನ್ನು ಬಿಡುವುದೆಂತು ಎಂಬುದು ಅದರ ವಾದ. ನಮಗೆ ಎರಡು ವಾದಗಳಲ್ಲಿಯೂ ಸತ್ಯ ಕಾಣುತ್ತದೆ. ಹೊರಟವರು ಕೊಲೆಗೆ ಕೂಲಿಯಾಗಲು ಒಪ್ಪಲಿಲ್ಲ. ಉಳಿದವರು ಹಸಿದ ಮಗುವಿಗೆ ಅದರ ತಂದೆಯ ತಪ್ಪನ್ನು ಹೊರಿಸಲು ಒಪ್ಪಲಿಲ್ಲ. ಆದರೆ ಇಬ್ಬರ ನಿರ್ಧಾರದಿಂದಲೂ ಶಿಬಿರವು ಸುರಕ್ಷಿತವಾಗಲಿಲ್ಲವೆಂಬುದನ್ನು ಗಮನಿಸಬೇಕು. ಆಯುಧವನ್ನು ಕೆಳಗಿಡಿಸುವ ಶಕ್ತಿ ಇದ್ದುದು ರಾಷ್ಟ್ರಗಳಿಗೆ. ರಾಷ್ಟ್ರಗಳು ಆ ಕೆಲಸವನ್ನು ಮಾಡದೆ, ಅದರ ಬದಲಿಗೆ ಕಂಬಳಿಗಳನ್ನೂ ಧಾನ್ಯವನ್ನೂ ಕಳುಹಿಸಿದವು. ರಾಜಕೀಯದ ಕರ್ತವ್ಯಕ್ಕೆ ದಯೆಯು ಬದಲಿಯಾಗಲಾರದೆಂದು ೧೯೯೬ರಲ್ಲಿ ಹೊರಬಂದ, ಹಲವು ರಾಷ್ಟ್ರಗಳು ಕೂಡಿ ನಡೆಸಿದ ಪರಾಮರ್ಶೆಯು ತೀರ್ಮಾನಿಸಿತು. ದಾನವು ಕೆಲವೊಮ್ಮೆ ಧರ್ಮದಿಂದ ತಪ್ಪಿಸಿಕೊಳ್ಳುವ ಉಪಾಯವಾಗುತ್ತದೆಂಬ ಕಹಿ ಮಾತನ್ನು ಇಲ್ಲಿ ಹೇಳದೆ ವಿಧಿಯಿಲ್ಲ.

ಹೊಣೆಯು ಹಲವರಲ್ಲಿ ಹಂಚಿಹೋದರೆ ಪ್ರತಿಯೊಬ್ಬನ ಪಾಲು ಕಡಿಮೆಯಾಗುತ್ತದೆಯೆ? ಸಾಲವಾದರೆ ಹೌದು. ಹತ್ತು ಜನರು ಸೇರಿ ಹತ್ತು ರೂಪಾಯಿ ಸಾಲ ಮಾಡಿದ್ದರೆ ತಲೆಗೊಂದು ರೂಪಾಯಿ ಕೊಟ್ಟು ಋಣಮುಕ್ತರಾಗಬಹುದು. ಆದರೆ ಕೆರೆಯಲ್ಲಿ ಮಗುವೊಂದು ಮುಳುಗುತ್ತಿರುವಾಗ ದಂಡೆಯ ಮೇಲೆ ಹತ್ತು ಜನರಿದ್ದರೆ ಪ್ರತಿಯೊಬ್ಬನಿಗೂ ಹತ್ತನೆಯ ಒಂದು ಪಾಲು ಕರ್ತವ್ಯವೆಂದು ಹೇಳುವುದು ಹಾಸ್ಯಾಸ್ಪದ. ಪ್ರತಿಯೊಬ್ಬನ ಕರ್ತವ್ಯವೂ ಪೂರ್ಣವೇ. ಹಾಗೆಂದು ಹತ್ತು ಮಂದಿಯೂ ಒಟ್ಟಿಗೆ ಧುಮುಕಿದರೆ ಒಬ್ಬರ ಕಾಲು ಇನ್ನೊಬ್ಬರಿಗೆ ತೊಡಕಿ ಮಗುವೂ ಉಳಿಯದು, ಅವರೂ ಉಳಿಯರು. ಈಜು ಬಲ್ಲವನೊಬ್ಬನು ಧುಮುಕಬೇಕು. ಒಬ್ಬನು ಹಗ್ಗ ಹಿಡಿಯಬೇಕು. ಒಬ್ಬನು ವೈದ್ಯನಿಗಾಗಿ ಓಡಬೇಕು. ಉಳಿದವರಿಗೆ ಕೆಲಸವಿಲ್ಲವೇ? ಉಂಟು. ಮಗು ದಡ ಸೇರಿತೇ ಎಂದು ಕೊನೆಯವರೆಗೆ ನೋಡುವುದು, ಸೇರದಿದ್ದರೆ ಕೂಗಿಕೊಳ್ಳುವುದು ಅವರ ಕೆಲಸ. ಆದುದರಿಂದ ಕೆಲಸವನ್ನು ಹಂಚಬಹುದು, ಹೊಣೆಯನ್ನು ಹಂಚಿ ಕಿರಿದುಮಾಡಲಾಗದು ಎಂದು ನಮಗೆ ತೋರುತ್ತದೆ. ಹೊಂದಾಣಿಕೆಯೆಂಬುದನ್ನು ಕಚೇರಿಯ ವ್ಯವಹಾರವೆಂದು ಭಾವಿಸುವುದುಂಟು. ಜೀವ ಉಳಿಯುವುದು ಅದರ ಮೇಲೆ ನಿಂತಿರುವಾಗ ಅದು ನೇರವಾಗಿ ನೀತಿಯ ವಿಷಯವೇ ಆಗಿದೆ.

ಮಹಾಭಾರತದ ಸಭಾಪರ್ವದಲ್ಲಿ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಬಂದಿದೆ. ದ್ರೌಪದಿಯ ಪ್ರಶ್ನೆಗೆ ಹಿರಿಯರೆಲ್ಲರೂ ಉತ್ತರವಿಲ್ಲದೆ ಕುಳಿತಾಗ ವಿದುರನು ಕಶ್ಯಪನ ಅಭಿಪ್ರಾಯವೊಂದನ್ನು ನೆನಪಿಗೆ ತರುತ್ತಾನೆ. ನಿಂದ್ಯವಾದುದನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧಭಾಗವು ಸಭೆಯ ಮುಖ್ಯನಿಗೆ, ಕಾಲುಭಾಗವು ಕೃತ್ಯವೆಸಗಿದವನಿಗೆ, ಉಳಿದ ಕಾಲುಭಾಗವು ಸುಮ್ಮನಿದ್ದ ಸಭಾಸದರಿಗೆ. ಸಭೆಯು ಖಂಡಿಸಿತಾದರೆ ಪಾಪವೆಲ್ಲವೂ ಮಾಡಿದವನ ತಲೆಗೇ. ಕೃತ್ಯವೆಸಗಿದವನಿಗೆ ಕಾಲುಭಾಗ, ಮುಖ್ಯನಿಗೆ ಅರ್ಧಭಾಗ ಎಂಬ ಈ ಲೆಕ್ಕವು ಮೊದಲಿಗೆ ವಿಚಿತ್ರವಾಗಿ ತೋರೀತು. ಆದರೆ ಇದರಲ್ಲಿ ಆಳವಾದ ವಿವೇಕವಿದೆ. ದುಶ್ಶಾಸನನಿಂದ ರಕ್ಷಣೆಯನ್ನು ಯಾರೂ ನಿರೀಕ್ಷಿಸಲಿಲ್ಲ. ತಡೆಯುವ ಅಧಿಕಾರವಿದ್ದು ತಡೆಯದವನೇ ನಂಬಿಕೆಯನ್ನು ಮುರಿದವನು. ಸಭಾಸದರ ಕಾಲುಭಾಗಕ್ಕೂ ಅರ್ಥವಿದೆ: ಮುಖ್ಯನೊಬ್ಬನಿದ್ದಾನೆಂಬುದು ಉಳಿದವರ ಮೌನಕ್ಕೆ ನೆಪವಾಗದು.

ಈ ಅಳತೆಯಿಂದ ನೋಡಿದರೆ ನೆಲೆತಪ್ಪಿದವರ ವಿಷಯದಲ್ಲಿ ಮೊದಲು ಕೇಳಬೇಕಾದುದು, ಮುಖ್ಯನ ಪೀಠದಲ್ಲಿ ಕುಳಿತವರು ಯಾರು ಎಂಬುದು. ಪೀಠವು ತುಂಬಿದ್ದ ಒಂದು ಪ್ರಸಂಗವನ್ನು ನಮ್ಮ ದೇಶದ ಚರಿತ್ರೆಯಲ್ಲಿಯೇ ಕಾಣಬಹುದು. ೧೯೭೧ರ ಮಾರ್ಚ್ ತಿಂಗಳಿನಿಂದ ಪೂರ್ವಪಾಕಿಸ್ತಾನದ ಹಿಂಸೆಗೆ ಹೆದರಿ ಭಾರತಕ್ಕೆ ಬಂದವರು ವರ್ಷದ ಕೊನೆಗೆ ಒಂದು ಕೋಟಿಯಷ್ಟಾದರು. ಇವರಲ್ಲಿ ೬೮ ಲಕ್ಷ ಜನರು ೮೨೫ ಶಿಬಿರಗಳಲ್ಲಿದ್ದರು. ೩೦ ಲಕ್ಷಕ್ಕೂ ಹೆಚ್ಚು ಜನರನ್ನು ಬಂಧುಗಳೂ ಪರಿಚಿತರೂ ತಮ್ಮ ಮನೆಗಳಲ್ಲಿಯೇ ಇಟ್ಟುಕೊಂಡರು. ಶಿಬಿರಗಳ ಆಡಳಿತದ ಹೊಣೆಯನ್ನು ಭಾರತ ಸರ್ಕಾರವು ತಾನೇ ಹೊತ್ತಿತು. ಹೊರಗಿನ ನೆರವನ್ನು ಒಂದೆಡೆ ಕೂಡಿಸುವ ಕೆಲಸಕ್ಕೆ ವಿಶ್ವಸಂಸ್ಥೆಯು ಆ ಏಪ್ರಿಲಿನಲ್ಲಿ ಹೈಕಮಿಷನರ ಕಚೇರಿಯನ್ನು ಕೇಂದ್ರಬಿಂದುವಾಗಿ ನೇಮಿಸಿತು. ಆಗಿನ ಹೈಕಮಿಷನರರು ಸದ್ರುದ್ದೀನ್ ಆಗಾಖಾನರು. ಯಾರನ್ನು ಕೇಳಬೇಕು, ಯಾರು ಉತ್ತರ ಹೇಳಬೇಕು ಎಂಬುದು ಸ್ಪಷ್ಟವಾಗಿತ್ತು.

ಅಲ್ಲಿಯೂ ಕಾಲರಾ ಬಂದಿತು, ಸಾವಿರಾರು ಜನರು ಸತ್ತರು. ಆದರೆ ಗಡಿಯ ಬನಗಾಂವಿನಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸರು ರಕ್ತನಾಳಕ್ಕೆ ಕೊಡುವ ದ್ರವವು ಮುಗಿದುಹೋದಾಗ, ಉಪ್ಪು, ಗ್ಲೂಕೋಸು, ಅಡಿಗೆ ಸೋಡಗಳನ್ನು ನೀರಿನಲ್ಲಿ ಬೆರೆಸಿ ಕುಡಿಸುವ ಕ್ರಮವನ್ನು ಕೈಗೊಂಡರು. ಕುಡಿಸುವ ಕೆಲಸವನ್ನು ರೋಗಿಯ ತಾಯಿಗೆ, ಅಕ್ಕನಿಗೆ, ಅಣ್ಣನಿಗೆ ವಹಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಹೊಣೆಯನ್ನು ಸರಿಯಾಗಿ ವಹಿಸಿಕೊಡುವುದೆಂದರೇನೆಂಬುದಕ್ಕೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ದೊಡ್ಡ ನಿದರ್ಶನವಿರಲಾರದು. ಈ ರೋಗಿಗೆ ನೀನೇ ಎಂದು ಒಬ್ಬೊಬ್ಬರಿಗೂ ಗೊತ್ತಿತ್ತು. ಎಲ್ಲರ ಮೇಲೆಯೂ ವೈದ್ಯನ ಕಣ್ಣಿತ್ತು.

ಆದರೂ ಈ ದೃಷ್ಟಾಂತವನ್ನು ಮಿತಿಮೀರಿ ಎಳೆಯಬಾರದು. ಆ ಡಿಸೆಂಬರಿನಲ್ಲಿ ಭಾರತವೇ ಯುದ್ಧದಲ್ಲಿ ಪಕ್ಷವಾಯಿತು. ನಿರಾಶ್ರಿತರಲ್ಲಿ ಬಹುತೇಕ ಎಲ್ಲರೂ ಕೆಲವೇ ತಿಂಗಳುಗಳಲ್ಲಿ ಹಿಂದಿರುಗುವುದು ಸಾಧ್ಯವಾದುದು ಆ ಯುದ್ಧದ ಫಲದಿಂದ. ಬಲವಾದ ಆಡಳಿತ, ಸ್ವಾಗತಿಸುವ ನೆರೆಹೊರೆ, ಬೇಗನೆ ಮುಗಿದ ಯುದ್ಧ ಈ ಮೂರೂ ಎಲ್ಲೆಡೆಯೂ ಕೂಡಿಬರುವುದಿಲ್ಲ. ಪೀಠವು ಬರಿದಾಗಿರುವ ಕಡೆ ಏನು ಮಾಡಬೇಕೆಂಬುದೇ ಕಷ್ಟ.

ಇದಕ್ಕಾಗಿ ರಾಷ್ಟ್ರಗಳು ಪ್ರಯತ್ನಪಡದೆ ಇಲ್ಲ. ೧೯೯೧ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ತುರ್ತುಪರಿಹಾರದ ಹೊಂದಾಣಿಕೆಗೆ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿತು. ೨೦೦೫ರಲ್ಲಿ ಕೆಲಸಗಳನ್ನು ನೀರು, ಆರೋಗ್ಯ, ವಸತಿ, ರಕ್ಷಣೆ ಮೊದಲಾದ ಗುಂಪುಗಳಾಗಿ ವಿಂಗಡಿಸಿ, ಪ್ರತಿಯೊಂದು ಗುಂಪಿಗೂ ಒಂದು ಮುಂದಾಳು ಸಂಸ್ಥೆಯನ್ನು ನೇಮಿಸಿದರು. ಯುದ್ಧದಿಂದ ನೆಲೆತಪ್ಪಿದವರ ರಕ್ಷಣೆಯ ಗುಂಪಿಗೆ ನಿರಾಶ್ರಿತರ ಕಚೇರಿಯೇ ಮುಂದಾಳು. ಬೇರೆ ಯಾರೂ ಮಾಡದ ಕೆಲಸವು ಕಡೆಗೆ ಈ ಮುಂದಾಳಿನ ಪಾಲಿಗೆ ಬರಬೇಕು. ವಿದುರನು ಹೇಳಿದ ಅರ್ಧಭಾಗವು ಇಲ್ಲಿ ಆಧುನಿಕ ವೇಷದಲ್ಲಿ ಬಂದಂತಿದೆ. ಆದರೆ ಒಂದು ವಿನಾಯಿತಿಯನ್ನೂ ಕೂಡಿಸಿದ್ದಾರೆ: ಪ್ರವೇಶ, ಭದ್ರತೆ ಮತ್ತು ಹಣ ಇವು ಒದಗಿದರೆ ಮಾತ್ರ. ಪ್ರವೇಶವನ್ನು ಕೊಡುವವರು ಕಾದಾಡುವ ಪಕ್ಷಗಳು, ಹಣವನ್ನು ಕೊಡುವವರು ಶ್ರೀಮಂತ ರಾಷ್ಟ್ರಗಳು. ಹೀಗಿರುವಾಗ ಮುಂದಾಳಿನ ಮೇಲೆಯೇ ಎಲ್ಲ ನಿಂದೆಯನ್ನೂ ಹೊರಿಸುವುದು ನ್ಯಾಯವಲ್ಲ. ಅವನ ಹಿಂದೆ ಕಾಣದೆ ಕುಳಿತ ಹಿರಿಯರೂ ಸಭೆಯಲ್ಲಿದ್ದಾರೆ.

ಇನ್ನೊಂದು ಆಕ್ಷೇಪವನ್ನೂ ಎದುರಿಸಬೇಕು. ಎಲ್ಲರನ್ನೂ ಒಂದೇ ಕೊಡೆಯ ಕೆಳಗೆ ತಂದರೆ, ಆ ಕೊಡೆಯನ್ನು ಹಿಡಿದವನು ಒಂದು ಪಕ್ಷದವನೆಂದು ಶತ್ರುವು ಭಾವಿಸಿದಾಗ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯು ಈ ಗುಂಪುಗಳ ಸದಸ್ಯನಾಗದೆ ಪ್ರತ್ಯೇಕವಾಗಿ ನಿಂತು, ಉಭಯಪಕ್ಷಗಳೊಡನೆಯೂ ಗುಟ್ಟಾಗಿ ಮಾತನಾಡುವ ತನ್ನ ಕ್ರಮವನ್ನು ಕಾಯ್ದುಕೊಂಡಿರುವುದು ಈ ಕಾರಣದಿಂದಲೇ. ಈ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಹೊಂದಾಣಿಕೆಯೆಂದರೆ ಒಬ್ಬನ ಅಪ್ಪಣೆಗೆ ಎಲ್ಲರೂ ತಲೆಬಾಗುವುದೆಂದಲ್ಲ. ಯಾವ ಮನೆಗೆ ಯಾರು ಹೋಗಿದ್ದಾರೆ, ಯಾವ ಮನೆ ಉಳಿದಿದೆ ಎಂಬುದು ಎಲ್ಲರಿಗೂ ತಿಳಿದಿರುವುದು, ಉಳಿದ ಮನೆಗೆ ಒಬ್ಬನ ಹೆಸರನ್ನು ಬರೆದಿಡುವುದು, ಇಷ್ಟೇ ಅದರ ಸಾರ.

ಹೆಸರು ಬರೆಯದಿದ್ದರೆ ಏನಾಗುತ್ತದೆಂಬುದನ್ನು ನೆರೆಯ ಸಿಂಹಳದ್ವೀಪವು ತೋರಿಸಿತು. ೨೦೦೮ರ ಸೆಪ್ಟೆಂಬರಿನಲ್ಲಿ ಶ್ರೀಲಂಕೆಯ ಸರ್ಕಾರವು ತಾನು ಇನ್ನು ಭದ್ರತೆಯ ಭರವಸೆ ಕೊಡಲಾರೆನೆಂದಾಗ ವಿಶ್ವಸಂಸ್ಥೆಯು ಉತ್ತರದ ವನ್ನಿ ಪ್ರದೇಶದಿಂದ ತನ್ನ ಸಿಬ್ಬಂದಿಯನ್ನು ಹಿಂದಕ್ಕೆ ಕರೆಸಿಕೊಂಡಿತು. ಸೇನೆಗೂ ಪುಲಿಗಳೆನಿಸಿದ ಬಂಡುಕೋರರಿಗೂ ನಡುವೆ ಸಿಕ್ಕಿದ ಲಕ್ಷಾಂತರ ತಮಿಳು ಜನರು ೨೦೦೯ರ ಮೇ ತಿಂಗಳವರೆಗೆ ಕಿರಿದಾಗುತ್ತ ಹೋದ ನೆಲದ ಪಟ್ಟಿಯೊಳಗೆ ಉಳಿದರು. ೨೦೧೨ರಲ್ಲಿ ವಿಶ್ವಸಂಸ್ಥೆಯು ತನ್ನನ್ನು ತಾನೇ ವಿಮರ್ಶಿಸಿಕೊಂಡು ಹೊರಡಿಸಿದ ವರದಿಯಲ್ಲಿ ಒಂದು ಮಾತು ಎದೆಗೆ ತಾಕುವಂತಿದೆ: ಜನರ ಕೊಲೆಯನ್ನು ತಡೆಯುವುದು ತಮ್ಮ ಹೊಣೆಯೆಂದು ಅಲ್ಲಿದ್ದ ಹಿರಿಯ ಅಧಿಕಾರಿಗಳಲ್ಲಿ ಹಲವರು ಭಾವಿಸಿಯೇ ಇರಲಿಲ್ಲ. ಅವರು ಕೆಟ್ಟವರಾಗಿದ್ದರೆಂದಲ್ಲ, ಅದನ್ನು ತಮ್ಮ ಕೆಲಸವೆಂದು ಕಂಡಿರಲಿಲ್ಲ. ಮರುವರ್ಷ, ಎಂದರೆ ೨೦೧೩ರಲ್ಲಿ, ರಕ್ಷಣೆಯು ಎಲ್ಲ ಪರಿಹಾರಕಾರ್ಯದ ಹೃದಯಭಾಗದಲ್ಲಿರಬೇಕೆಂದು ಈ ಸಂಸ್ಥೆಗಳ ಹಿರಿಯರು ಘೋಷಿಸಿದರು. ಘೋಷಣೆಯು ಸರಿಯಾದುದೇ. ಆದರೆ ಎಲ್ಲರದೂ ಹೌದೆಂದ ಹೊಣೆಯು ಮತ್ತೆ ಯಾರದೂ ಅಲ್ಲದಂತಾಗಬಾರದಷ್ಟೆ.

ನಮ್ಮ ಶಾಲೆಗಳ ಅನುಭವದಿಂದಲೇ ಇದನ್ನು ವಿದ್ಯಾರ್ಥಿಗಳಿಗೆ ತಿಳಿಯಹೇಳಬಹುದು. ಐದು ಮಂದಿ ಉಪಾಧ್ಯಾಯರಿರುವ ಶಾಲೆಯಲ್ಲಿ ಐವರೂ ತಮ್ಮ ತಮ್ಮ ಪಾಠವನ್ನು ಚೆನ್ನಾಗಿ ಮಾಡಬಹುದು. ಗಣಿತದವರು ಗಣಿತವನ್ನು, ಭಾಷೆಯವರು ಭಾಷೆಯನ್ನು ಮುಗಿಸಿರುತ್ತಾರೆ. ಮಧ್ಯಾಹ್ನದ ಗಂಟೆಯಾದಮೇಲೆ ಹಿಂದಿರುಗದ ಒಬ್ಬ ಹುಡುಗನನ್ನು ಮಾತ್ರ, ಬೇರೆ ತರಗತಿಯಲ್ಲಿದ್ದಾನೆಂದು ಪ್ರತಿಯೊಬ್ಬರೂ ತಿಳಿದಿರುತ್ತಾರೆ. ಹಾಜರಿ ಪುಸ್ತಕವೆಂಬುದು ಇರುವುದು ಇದಕ್ಕಾಗಿ. ಅದರಲ್ಲಿ ಹುಡುಗನ ಹೆಸರಿರುತ್ತದೆ, ಅದನ್ನು ಕೂಗುವ ಒಬ್ಬರು ಇರುತ್ತಾರೆ. ಹೆಸರಿಗೆ ಉತ್ತರ ಬರದಿದ್ದರೆ ಪಾಠವನ್ನು ನಿಲ್ಲಿಸಿ ಹುಡುಕಲು ಹೋಗಬೇಕಾದವರೂ ಅವರೇ. ಉಳಿದ ನಾಲ್ವರು ತಮ್ಮ ತರಗತಿಯಲ್ಲಿ ಆ ಹುಡುಗನಿಲ್ಲವೆಂಬುದನ್ನು ಕೂಡಲೆ ತಿಳಿಸಬೇಕು. ಹಾಗೆ ತಿಳಿಸದ ಮೌನಕ್ಕೆ ವಿದುರನ ಕಾಲುಭಾಗವು ಕಾದಿರುತ್ತದೆ.

ಇಷ್ಟು ವಿಚಾರದಿಂದ ನಮಗೆ ತೋರಿದ ತೀರ್ಮಾನವನ್ನು ಸಂಕ್ಷೇಪವಾಗಿ ಹೇಳಬಹುದು. ಅನ್ನವನ್ನು ನೀಡಿದೆವೆಂಬುದರಿಂದ ಅಭಯದ ಹೊಣೆ ತೀರುವುದಿಲ್ಲ. ಅಭಯದ ವಿಷಯದಲ್ಲಿ ಉತ್ತರ ಹೇಳಬೇಕಾದವರೊಬ್ಬರು ಹೆಸರಿನಿಂದ ಗೊತ್ತಾಗಿರಬೇಕು. ಅವರಿಗೆ ಹೊಣೆಯ ಜೊತೆಗೆ ಶಕ್ತಿಯನ್ನೂ ಕೊಡಬೇಕು. ಹಾಗೆ ಗೊತ್ತುಮಾಡಿದ್ದರಿಂದ ಮಿಕ್ಕವರು ಬಿಡುಗಡೆ ಹೊಂದುವುದಿಲ್ಲ. ನೋಡುವ ಮತ್ತು ನುಡಿಯುವ ಕರ್ತವ್ಯವು ಅವರಿಗೆ ಕೊನೆಯವರೆಗೂ ಉಂಟು. ಇದೆಲ್ಲಕ್ಕಿಂತ ಮುಂಚೆ, ನೆಲೆತಪ್ಪಿದವರನ್ನೇ ಕೇಳಬೇಕು. ಬನಗಾಂವಿನ ತಾಯಂದಿರಂತೆ ಅವರು ತಮ್ಮ ರಕ್ಷಣೆಯಲ್ಲಿ ಕೈಜೋಡಿಸಬಲ್ಲವರು. ಶಿಬಿರದಲ್ಲಿ ಯಾರನ್ನು ಕಂಡರೆ ತಮಗೆ ಭಯವೆಂಬುದು ಹೊರಗಿನ ಯಾವ ಅಧಿಕಾರಿಗಿಂತಲೂ ಅವರಿಗೇ ಚೆನ್ನಾಗಿ ಗೊತ್ತು.

ಶಿಬಿಯ ಕಥೆಯನ್ನು ಪಾಠಹೇಳುವಾಗ ಅವನು ತನ್ನ ಮಾಂಸವನ್ನು ಕೊಯ್ದು ತೂಗಿದ ತ್ಯಾಗವನ್ನೇ ನಾವು ಹೆಚ್ಚಾಗಿ ವರ್ಣಿಸುತ್ತೇವೆ. ಅದಕ್ಕೂ ಮುಂಚೆ ಅವನು ಒಂದು ಸಣ್ಣ ಮಾತನ್ನಾಡಿದ್ದನೆಂಬುದನ್ನು ಮಕ್ಕಳಿಗೆ ನೆನಪುಮಾಡಿಕೊಡಬೇಕೆಂದು ನಮ್ಮ ಆಶಯ. ಈ ಹಕ್ಕಿಯು ನನ್ನ ಆಶ್ರಯಕ್ಕೆ ಬಂದಿದೆ ಎಂದು ಅವನು ಒಪ್ಪಿಕೊಂಡನು. ತ್ಯಾಗವು ಆಮೇಲೆ ಬಂದಿತು.